ಇವತ್ತೇ ಬಾರಿಸಿ ಮುಗಿಸಿಬಿಡಿ

ವಿನೋಬನಗರದಲ್ಲಿ ಡ್ರಮ್ ಬಾರಿಸುವವನಿಗೆ ಬಾಡಿಗೆ ಮನೆ ಸಿಗುವುದೆಂದರೆ ಹುಡುಗಾಟದ ಮಾತಲ್ಲ. ಶಿವಯೋಗಿಗೆ ಸಿಕ್ಕಿದ್ದು ಕೆಳಮನೆಯ ನರಸಿಂಹಮೂರ್ತಿಗಳ ಕಿವಿ ಹೋಗಿದ್ದರಿಂದ. ನಿವೃತ್ತ ಸಂಸ್ಕೃತ ಮೇಷ್ಟ್ರು, ಎಂಬತ್ತು ಎಂದೋ ದಾಟಿದವರು. ಪಕ್ಕದಲ್ಲೇ ಪಟಾಕಿ ಹೊಡೆದರೂ ಯಾರೋ ಬಾಗಿಲು ತಟ್ಟಿದ ಹಾಗಾಯ್ತು ಅನ್ನುವವರು. ಅವರ ಮಗಳು ಸತ್ಯಭಾಮಾ, ಮದುವೆಯ ಗೊಡವೆಗೆ ಹೋಗದೆ ಅಪ್ಪನನ್ನು ನೋಡಿಕೊಂಡು ಉಳಿದವರು, ಮನೆ ಕೊಡುವ ದಿನವೇ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು: "ಅಪ್ಪಂಗೆ ಕೇಳ್ಸಲ್ಲ. ನಂಗೆ ಕೇಳ್ಸತ್ತೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ನಿಲ್ಸಬೇಕು." ಇಷ್ಟು ವರ್ಷವೂ ಶಿವಯೋಗಿ ಆ ಮಾತು ಮೀರಿರಲಿಲ್ಲ.

ಈಗ ಕೆಳಗೆ ಮೂರ್ತಿಗಳು ಕೊನೆಯುಸಿರು ಎಳೆಯುತ್ತಿದ್ದರು, ಮೇಲೆ ಶಿವಯೋಗಿ ಡ್ರಮ್ಮಿಗೆ ಮೈಕ್ ಕಟ್ಟುತ್ತಿದ್ದ.

ಹಾಗಂತ ಅವನೇನು ಕಟುಕನಲ್ಲ. ಅವನ ಗ್ರಹಚಾರವೇ ಹಾಗೆ ಕೂಡಿಬಂದಿತ್ತು. ಹುಬ್ಬಳ್ಳಿಯ ಒಂದು ವಾದ್ಯವೃಂದದವರು ಹೊಸ ಡ್ರಮ್ಮರನ್ನು ಹುಡುಕುತ್ತಿದ್ದರು. ಡ್ರಮ್ ಇಲ್ಲದ ಒಂದು ಹಾಡು ಕಳಿಸಿ, ಅದಕ್ಕೆ ಬಾರಿಸಿ ಇವತ್ತು ರಾತ್ರಿಯೊಳಗೆ ವಾಪಸು ಕಳಿಸಿ ಎಂದಿದ್ದರು. ಮೊಬೈಲಿನಲ್ಲಿ ಹಿಡಿದದ್ದು ಬೇಡ, ಒಂದೊಂದು ಡ್ರಮ್ಮಿನ ಸದ್ದೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇರಬೇಕು ಎಂಬುದು ಷರತ್ತು. ಶಾಲೆಗಳ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ ಅಂತ ಬಾರಿಸುತ್ತಲೇ ಶಿವಯೋಗಿಯ ತಲೆಯಲ್ಲಿ ಬಿಳಿಕೂದಲು ಬಂದಿತ್ತು. ಈ ಸಲವೂ ಆಗದಿದ್ದರೆ ಡ್ರಮ್ ಮಾರಿ ಬೇರೆ ದಾರಿ ನೋಡಿಕೊಳ್ಳುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟುಬಿಟ್ಟಿದ್ದ.

ಯಂತ್ರ ಭದ್ರಾವತಿಯ ಗೆಳೆಯ ಮಲ್ಲಿಕ್‌ನದು. ಕಂಪ್ಯೂಟರಿನ ಹಂಗಿಲ್ಲದೆ ತಾನೇ ರೆಕಾರ್ಡ್ ಮಾಡಿಕೊಳ್ಳುವ ಎಂಟು ಟ್ರ್ಯಾಕಿನ ಪೆಟ್ಟಿಗೆ, ಮೈತುಂಬ ಗುಂಡಿಗಳು. ನಿನ್ನೆ ಅಲ್ಲಿಯ ಓಲ್ಡ್ ಟೌನಿಗೆ ಹೋಗಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ಮಲ್ಲಿಕ್ ಕೊಡುವಾಗಲೇ ಎಚ್ಚರಿಸಿದ್ದ: "ನೋಡು ಮಾರಾಯ, ಹಾಡು ಮುಗಿದ್ಮೇಲೆ ಸ್ಟಾಪ್ ಒತ್ತಿ, ಅದು ಸೇವ್ ಆಗೋ ತನಕ ಕೈ ಮುಗ್ಕೊಂಡು ಕೂತ್ಕೋ. ಅಷ್ಟರೊಳಗೆ ಕರೆಂಟ್ ಹೋಯ್ತೋ, ಎಲ್ಲಾ ಗೋವಿಂದ. ನಾಳೆ ಸಂಜೆ ಬಸ್ಸಿಗೆ ತಂದುಕೊಡು, ನಂಗೂ ಕೆಲಸ ಇದೆ."

ಬೆಳಿಗ್ಗೆ ಮೂರ್ತಿಗಳ ಸ್ಥಿತಿ ತಿಳಿದು ಶಿವಯೋಗಿ ಯಂತ್ರವನ್ನು ಚೀಲಕ್ಕೆ ಹಾಕಿ ಸುಮ್ಮನೆ ಕುಳಿತಿದ್ದ. ಸತ್ಯಭಾಮಾ ಅವರೇ ಮೆಟ್ಟಿಲು ಹತ್ತಿ ಬಂದರು.

"ಯಾಕೆ ಸದ್ದೇ ಇಲ್ಲ? ಇವತ್ತು ರೆಕಾರ್ಡಿಂಗ್ ಅಂದಿದ್ರಲ್ಲ."

"ಇಂಥ ಹೊತ್ತಲ್ಲಿ ಹೆಂಗಮ್ಮಾ ಬಾರಿಸ್ಲಿ? ಬೇಡ ಬಿಡಿ."

"ಡಾಕ್ಟ್ರು ಇವತ್ತೋ ನಾಳೆನೋ ಅಂದಿದಾರೆ. ಅಪ್ಪ ಹೋದ್ಮೇಲೆ ಹದಿಮೂರು ದಿನ ಮನೆ ತುಂಬ ಜನ, ಕರ್ಮಾಂತರ. ಆಗ ನೀವು ಕೋಲು ಮುಟ್ಟಿದ್ರೂ ನಾನು ಸುಮ್ನಿರಲ್ಲ. ಅವ್ರಿಗಂತೂ ಏನೂ ಕೇಳ್ಸಲ್ಲ. ಇವತ್ತೇ ಬಾರಿಸಿ ಮುಗಿಸಿಬಿಡಿ."

"ನಡುವೆ ಏನಾದ್ರೂ ಆದ್ರೆ?"

"ಕಿವಿಗೆ ಹೆಡ್‌ಫೋನ್ ಹಾಕ್ಕೊಂಡಿರ್ತೀರಿ, ಕೂಗಿದ್ರೆ ಕೇಳ್ಸಲ್ಲ. ನಿಮ್ಮ ಮೇಲ್ಮನೆ ಮೇನ್ ಸ್ವಿಚ್ಚು ನಮ್ಮ ನಡುಮನೇಲೇ ಇದೆಯಲ್ಲ, ಆಫ್ ಮಾಡ್ತೀನಿ. ಕರೆಂಟ್ ಹೋಯ್ತು ಅಂದ್ರೆ ಅಪ್ಪ ಹೋದ್ರು ಅಂತ ತಿಳ್ಕೊಂಡು ಅಲ್ಲೇ ಕೈ ನಿಲ್ಸಿ. ಹೆಣ ಇಟ್ಕೊಂಡು ತಲೆ ಮೇಲೆ ಡ್ರಮ್ ಬಾರಿಸ್ಕೊಂಡ್ರು ಅಂತ ಬೀದೀಲಿ ಹೆಸರಾಗೋದು ಬೇಡ."

ಶಿವಯೋಗಿ ಯಂತ್ರದ ಚೀಲ ತೋರಿಸಿದ. "ಕರೆಂಟ್ ತೆಗೆದ್ರೆ ಅಲ್ಲೀವರೆಗೆ ಬಾರಿಸಿದ್ದೆಲ್ಲ ಅಳಿಸಿಹೋಗತ್ತೆ ಅಮ್ಮಾ. ಮುಗಿಸಿ ಸೇವ್ ಮಾಡಿದ್ರೆ ಮಾತ್ರ ಉಳಿಯೋದು."

"ಹೋದ್ರೆ ಹೋಗ್ಲಿ. ಸಾವಿಗಿಂತ ದೊಡ್ಡದಾ ನಿಮ್ಮ ಡ್ರಮ್ಮು?"

 ಅವನು ಒಪ್ಪಿಕೊಂಡು ಯಂತ್ರವನ್ನು ಚೀಲದಿಂದ ಹೊರತೆಗೆದ.

ಕಿಟಕಿಗೆ ಹಾಸಿಗೆ ಒತ್ತರಿಸಿಟ್ಟ. ದೊಡ್ಡ ಡ್ರಮ್ಮಿನ ಹೊಟ್ಟೆಗೆ ಹಳೆಯ ಕಂಬಳಿ ತುರುಕಿ ಅದರ ಮುಂದೆ ಒಂದು ಮೈಕ್, ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಅಂಚಿಗೆ ಒಂದು, ತಾಳದ ತಟ್ಟೆಗಳ ಮೇಲೆ ಎರಡು. ಒಂದೊಂದು ಕೆಲಸದ ನಡುವೆಯೂ ಕೆಳಗಿನ ಸದ್ದಿಗೆ ಕಿವಿಗೊಡುತ್ತಿದ್ದ. ಯಾರೋ ಕೆಮ್ಮಿದರೆ ಜೀವ ಬಂದಂತಾಗುತ್ತಿತ್ತು, ಏನೂ ಕೇಳದಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ದೇವರೇ, ಮೇಷ್ಟ್ರು ಸಂಜೆಯವರೆಗೆ ಇರಲಿ ಎಂದು ಬೇಡಿಕೊಂಡ. ಬೇಡಿಕೊಂಡ ಮರುಕ್ಷಣ ತನ್ನ ಮೇಲೇ ಹೇಸಿಗೆಯಾಯಿತು. ಊರಲ್ಲೆಲ್ಲ ಮೂರ್ತಿಗಳ ಆಯುಸ್ಸು ಕೋರಿದವರಲ್ಲಿ ಇಷ್ಟು ಸ್ವಾರ್ಥಿ ಇನ್ನೊಬ್ಬ ಇರಲಿಕ್ಕಿಲ್ಲ.

ಮೊದಲ ಸಲ ಬಾರಿಸಿದ್ದು ಹೆದರಿದವನ ಬಡಿತ. ಬೇಗ ಮುಗಿಸಬೇಕೆಂಬ ಆತುರಕ್ಕೆ ಕೈ ಹಾಡಿಗಿಂತ ಮುಂದೋಡಿತು. ಯಂತ್ರದ ಕೆಂಪು ದೀಪ ಮತ್ತೆ ಮತ್ತೆ ಹೊತ್ತಿಕೊಂಡಿತು, ಅಂದರೆ ಪೆಟ್ಟು ಜೋರಾಗಿ ಸದ್ದು ಒಡೆದಿದೆ. ಅಳಿಸಿದ. ಎರಡನೆಯ ಸಲ ಕೈ ಹತೋಟಿಗೆ ಬಂತು, ಆದರೆ ಹಾಡು ಮೆಲುವಾಗುವ ಜಾಗದಲ್ಲಿ ಕೆಳಮನೆಯ ಕುಕ್ಕರ್ ಕೂಗಿತು. ಮೇಲಿನ ಎರಡು ಮೈಕುಗಳಲ್ಲೂ ಸೀಟಿ ಸ್ಪಷ್ಟವಾಗಿ ಕೂತಿತ್ತು. ಸಾಯುವವರ ಮನೆಯಲ್ಲೂ ಗಂಜಿ ಬೇಯಬೇಕಲ್ಲ, ಯಾರನ್ನು ಬೈಯುವುದು? ಅದನ್ನೂ ಅಳಿಸಿದ.

ಅಷ್ಟರಲ್ಲಿ ಮಲ್ಲಿಕ್ ಫೋನ್ ಮಾಡಿದ. "ಹೊರಟ್ಯಾ?"

"ಇನ್ನೊಂದು ಸಲ ಬಾರಿಸ್ತೀನಿ ಕಣೋ. ಕೆಳಗೆ ಮೇಷ್ಟ್ರು..."

"ಬೇಗ ಮುಗಿಸು ಮಾರಾಯ, ನಂಗೂ ಇಲ್ಲಿ ಜನ ಕಾಯ್ತಿದಾರೆ."

ಅಂದರೆ ಇದೇ ಕೊನೆಯದು. ಶಿವಯೋಗಿ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ. ಹೆಡ್‌ಫೋನ್ ಏರಿಸಿದ ಕೂಡಲೇ ಕೆಳಮನೆ, ಬೀದಿ, ಊರು ಎಲ್ಲ ಅಡಗಿಹೋದವು. ಕೋಲು ಎತ್ತಿ ಗುಂಡಿ ಒತ್ತಿದ.

ಮೊದಲ ಪಲ್ಲವಿಯಲ್ಲೇ ಗೊತ್ತಾಯಿತು, ಕೈ ಕೂಡಿಬಂದಿದೆ. ಹೀಗೆ ವರ್ಷಕ್ಕೊಮ್ಮೆ ಆದರೆ ಪುಣ್ಯ. ಅವನು ಹಾಡನ್ನು ಹಿಂಬಾಲಿಸುತ್ತಿರಲಿಲ್ಲ, ಹಾಡೇ ಅವನ ಬೆನ್ನಿಗೆ ಬಂದಿತ್ತು. ಆದರೆ ಚೆನ್ನಾಗಿ ಬಂದಷ್ಟೂ ಭಯ ಹೆಚ್ಚಿತು. ಕಣ್ಣು ಯಂತ್ರದ ಪುಟ್ಟ ಪರದೆಯ ಮೇಲೇ ನೆಟ್ಟಿತ್ತು. ಈಗ ಆರಬಹುದು, ಈ ಚರಣ ಮುಗಿಯುವುದರೊಳಗೆ ಆರಬಹುದು. ಒಮ್ಮೆ ಗೋಡೆಯ ಟ್ಯೂಬ್‌ಲೈಟ್ ಮಿಣುಕಿತು. ಮುಗಿಯಿತು ಕಥೆ ಅಂದುಕೊಂಡ. ಪಕ್ಕದ ಮನೆಯವರು ನೀರಿನ ಮೋಟರ್ ಹಾಕಿದ್ದರೇನೋ, ಬೆಳಕು ಮತ್ತೆ ನೆಟ್ಟಗಾಯಿತು. ಕೈ ಮಾತ್ರ ನಿಲ್ಲಲಿಲ್ಲ. ಮೆಲುವಾದ ಜಾಗ ಬಂತು, ಕುಕ್ಕರ್ ಕೂಗಲಿಲ್ಲ, ಯಾರೂ ಕೆಮ್ಮಲಿಲ್ಲ. ಕೊನೆಯ ಪಲ್ಲವಿ, ಕೊನೆಯ ಪೆಟ್ಟು. ತಾಳದ ತಟ್ಟೆಯ ಗುಂಯ್ ಪೂರ್ತಿ ಅಡಗುವವರೆಗೆ ಉಸಿರು ಹಿಡಿದು ಕುಳಿತು, ಸ್ಟಾಪ್ ಒತ್ತಿದ. ಪರದೆಯ ಮೇಲೆ ಸಣ್ಣ ಗೀಟು ಎಡದಿಂದ ಬಲಕ್ಕೆ ಆಮೆಯಂತೆ ತೆವಳಿ ಮುಟ್ಟಿತು. ಸೇವ್ ಆಯಿತು.

ಖುಷಿಗೆ ಅವನ ಕಣ್ಣಲ್ಲಿ ನೀರು ಬಂತು. ಕರೆಂಟ್ ಹೋಗಿರಲಿಲ್ಲ, ಅಂದರೆ ಮೇಷ್ಟ್ರೂ ಇದ್ದಾರೆ. ಮಹಾನುಭಾವರು, ತನಗಾಗಿ ಗಟ್ಟಿಯಾಗಿ ಉಳಿದುಕೊಂಡರು ಎಂದುಕೊಂಡು, ವಿಷಯ ಹೇಳಲು ಎರಡೆರಡು ಮೆಟ್ಟಿಲು ಹಾರಿ ಇಳಿದ.

ನಡುಮನೆಯಲ್ಲಿ ಮೂರ್ತಿಗಳನ್ನು ಬೆಳಿಗ್ಗೆಯೇ ಚಾಪೆಗೆ ಇಳಿಸಿದ್ದರು. ತುಟಿಯ ಮೇಲೆ ತುಳಸಿ ಎಲೆ, ತಲೆಯ ಹತ್ತಿರ ದೀಪ. ಆ ದೀಪ ನೋಡಿದ ಮೇಲೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸತ್ಯಭಾಮಾ ಮೇನ್ ಸ್ವಿಚ್ಚಿನ ಕೆಳಗೆ ಗೋಡೆಗೆ ಕೈಯೂರಿ ನಿಂತಿದ್ದರು. ಸೆರಗಿನ ತುದಿ ಮುದ್ದೆಯಾಗಿ ಬಾಯಲ್ಲಿತ್ತು.

"ಯಾವಾಗಮ್ಮಾ?" ಎಂದ ಅವನು.

ಅವರು ಸೆರಗು ತೆಗೆದರು. "ಕೊನೇ ಸಲ ನೀವು ಶುರು ಮಾಡಿದ ಒಂದು ನಿಮಿಷಕ್ಕೆ."

"ಮತ್ತೆ ಕರೆಂಟ್..."

"ತೆಗೀಬೇಕು ಅಂತಾನೇ ಎದ್ದೆ. ಇಷ್ಟು ವರ್ಷ ಕೇಳಿದೀನಲ್ಲ, ಇವತ್ತಿನ ಹಾಗೆ ನೀವು ಯಾವತ್ತೂ ಬಾರಿಸಿಲ್ಲ ಅಂತ ನಂಗೂ ಗೊತ್ತಾಯ್ತು. ಅಪ್ಪ ಅಂತೂ ಹೋದ್ರು. ನಾನು ಆಮೇಲೆ ಅತ್ರೂ ಆಗತ್ತೆ ಅನ್ನಿಸ್ತು." ಅವರೇ ಮತ್ತೆ ಕೇಳಿದರು: "ಮುಗೀತಾ ನಿಮ್ದು?"

"ಮುಗೀತು."

"ಉಳೀತಾ?"

"ಉಳೀತಮ್ಮಾ."

ಸತ್ಯಭಾಮಾ ಗೋಡೆ ಬಿಟ್ಟು, ಅಪ್ಪನ ಕಾಲ ಬುಡದಲ್ಲಿ ಕುಸಿದು, ಬಾಯಿಬಿಟ್ಟು ಅತ್ತರು. ಅಷ್ಟು ಹೊತ್ತೂ ತಡೆದಿಟ್ಟದ್ದು ಒಮ್ಮೆಲೇ ಬಂತು. ಸಾವನ್ನು ತಡೆ ಎಂದು ಬೇಡಿಕೊಂಡಿದ್ದ ಶಿವಯೋಗಿಗೆ, ಮೇಲೆ ತಾನು ಕುಣಿಕುಣಿದು ಬಾರಿಸುವಾಗ ಈ ಹೆಂಗಸು ಅಳುವನ್ನು ತಡೆದುಕೊಂಡು ನಿಂತಿದ್ದರು ಎಂದು ತಿಳಿದು ನಾಚಿಕೆಯೂ ಕೃತಜ್ಞತೆಯೂ ಒಟ್ಟಿಗೇ ಆದವು. ಅವನೂ ಅತ್ತ.

ಅಳು ಕೇಳಿ ಬೀದಿಯ ಬಾಗಿಲುಗಳು ತೆರೆದವು. ಎದುರುಮನೆಯ ಪುರೋಹಿತ ಮಧುಸೂದನ ಭಟ್ಟರು ಎಲ್ಲರಿಗಿಂತ ಮೊದಲು ಬಂದರು. ಮೂರ್ತಿಗಳಿಗೆ ಕೈಮುಗಿದು, ಒಮ್ಮೆ ಶಿವಯೋಗಿಯ ಕೊರಳಲ್ಲಿ ನೇತಾಡುತ್ತಿದ್ದ ಹೆಡ್‌ಫೋನ್ ಕಡೆ, ಒಮ್ಮೆ ಮೆಟ್ಟಿಲ ಕಡೆ ಕಣ್ಣು ಹಾಯಿಸಿದರು.

"ನಕ್ಷತ್ರ ನೋಡ್ಬೇಕಲ್ಲ ತಾಯಿ," ಅಂದರು. "ಎಷ್ಟು ಹೊತ್ತಿಗೆ ಹೋದ್ರು?"

ಸತ್ಯಭಾಮಾ ತಲೆಯೆತ್ತದೆಯೇ ಹೇಳಿದರು:

"ಈಗ್ತಾನೇ. ಮೇಲ್ಗಡೆ ಡ್ರಮ್ಮು ನಿಂತ್ಮೇಲೆ."