ಗೋಡೆ ನೋಡಲು ಬಂದವರು

ಪಕ್ಕದ ಮನೆಯ ಬಡಗಿ ತನ್ನ ಕೆಲಸದ ಕೋಣೆಗೆ ಪಾಯ ತೋಡಿದ ಮೇಲೆಯೇ ನಮ್ಮ ಗೋಡೆ ಬಿರುಕು ಬಿಟ್ಟದ್ದು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಟ್ಟೆ ಹೊಲಿದು ಬದುಕುವವಳು ನಾನು. ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಾವೆ ಹೂಡಿದೆ. ನಾನು ಕರೆಸಿದ ಇಂಜಿನಿಯರು ತಪ್ಪು ಬಡಗಿಯದೇ ಎಂದರು. ಅವನು ಕರೆಸಿದವರು ನಮ್ಮ ಮನೆಗೇ ಮುಪ್ಪು ಬಂದಿದೆ ಎಂದರು. ಕೇಳಿ ಕೇಳಿ ಸಾಕಾದ ನ್ಯಾಯಾಧೀಶರು ಮೂರನೆಯವರೊಬ್ಬರನ್ನು ತಾವೇ ನೇಮಿಸಿದರು.

ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. "ಇದ್ದದ್ದು ಇದ್ದ ಹಾಗೇ ಇರ್ಲಿ, ಅದೇ ನಿಮ್ಮ ಸಾಕ್ಷಿ" ಎಂದಿದ್ದರು ನಮ್ಮ ವಕೀಲರು. ನಾನೋ ಅತಿ ಬುದ್ಧಿವಂತೆ. ಗೋಡೆಯ ಬುಡ ಒದ್ದೆಯಾದರೆ ಅದೂ ಬಡಗಿಯ ಕೆಲಸವೇ ಎಂದು ಸುಮ್ಮನಿದ್ದೆ. ಗೋಡೆಗೆ ತಾಗಿದ್ದ ಅಮ್ಮನ ಮಂಚವನ್ನೂ ಸರಿಸಲಿಲ್ಲ. ಎದ್ದು ಕೂರಲಾಗದ ಅಮ್ಮನನ್ನು ಅಲ್ಲಿ ಕಂಡರೆ ಕೋರ್ಟಿಗೆ ಕರುಣೆ ಬಂದೀತು ಎಂಬ ಆಸೆಯೂ ಒಳಗೊಳಗೇ ಇತ್ತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೋರ್ಟು ಕಳಿಸಿದ ಇಂಜಿನಿಯರು ವಯಸ್ಸಾದವರು. ನೀರು ಕೊಟ್ಟರೆ ಚೀಲದಿಂದ ತಮ್ಮ ಬಾಟಲಿ ತೆಗೆದು ತೋರಿಸಿದರು. ಬಡಗಿ ಎದುರಿಗಿಲ್ಲದೆ ನನ್ನೊಡನೆ ತುಟಿ ಬಿಚ್ಚಲಿಲ್ಲ. ಅವರಿಗೆ 'ಇಬ್ಬರೂ ಬನ್ನಿ ಸಾಹೇಬರು' ಎಂದು ಹೆಸರಿಟ್ಟೆ. ಬಿರುಕಿಗೆ ಅಡ್ಡಲಾಗಿ ಮೂರು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು, ಇಬ್ಬರಿಂದಲೂ ಸಹಿ ಹಾಕಿಸಿಕೊಂಡರು. ಗೋಡೆ ಕದಲಿದರೆ ಗಾಜು ಒಡೆಯುತ್ತದಂತೆ. ವಾರದೊಳಗೆ ಮೂರೂ ಒಡೆದವು. ಸಾಕ್ಷಿ ಗಟ್ಟಿಯಾಯಿತೆಂದು ನಾನು ಹಿಗ್ಗಿದೆ.

ಮತ್ತೆ ಬಂದವರು ಗಾಜು ನೋಡಿದರು, ಬುಡದ ಮಣ್ಣು ಕೆದಕಿದರು. ಮುಖ ಬಿಳಿಚಿಕೊಂಡಿತು.

"ಪಕ್ಕದವರನ್ನ ಕರೀರಿ, ಬೇಗ!"

ಬಡಗಿ ಓಡಿ ಬಂದ.

"ಇಬ್ಬರೂ ಕೇಳಿ. ಈ ಮನೆ ಬಚ್ಚಲ ಪೈಪು ಒಳಗೇ ಸೋರಿ ಪಾಯ ತಿಂದು ಹಾಕಿದೆ. ಕೇಸು ಆಮೇಲೆ ನೋಡ್ಕೊಳ್ಳಿ, ಗೋಡೆ ಯಾವಾಗ ಬೇಕಾದ್ರೂ ಬೀಳುತ್ತೆ, ಮೊದಲು ಮಂಚದಲ್ಲಿರೋ ಅವರನ್ನ ಎತ್ತಿ."

"ಸಾಕ್ಷಿ..." ಎಂದೆ ನಾನು. ಹೌದು, ನನ್ನ ಬಾಯಿಂದ ಬಂದದ್ದು ಅದೇ.

"ಅದನ್ನ ನಾನು ಬರ್ಕೊಂಡಿದ್ದೀನಿ ತಾಯಿ. ಎತ್ತಿ!"

ತಲೆಯ ಕಡೆ ನಾನು, ಕಾಲಿನ ಕಡೆ ಬಡಗಿ. ಎರಡು ವರ್ಷ ಮುಖ ಕೊಟ್ಟು ಮಾತಾಡದವನು "ಹುಷಾರು ಅಕ್ಕಾ, ಹೊಸ್ತಿಲು" ಎಂದ.

"ನನ್ನನ್ನೂ ಕೋರ್ಟಿಗೆ ಹೊತ್ಕೊಂಡು ಹೋಗ್ತಿದ್ದೀರೇನ್ರೋ?" ಎಂದಳು ಅಮ್ಮ.

ನಾಲ್ಕನೆಯ ದಿನ ಮಧ್ಯಾಹ್ನ, ನಾನು ಅಂಗಿಗೆ ಗುಂಡಿ ಹಚ್ಚುತ್ತಿದ್ದಾಗ, ಆ ಗೋಡೆ ಮಂಚವಿದ್ದ ಜಾಗಕ್ಕೇ ಕುಸಿದು ಬಿತ್ತು.

ತಪ್ಪು ನನ್ನ ಪೈಪಿನದು, ಬಡಗಿಯದಲ್ಲ ಎಂದು ವರದಿಯಲ್ಲಿ ಬರೆದಿತ್ತು. ವಕೀಲರು ಉರಿದುಬಿದ್ದರು. ಅದನ್ನು ಬರೆದ ಮನುಷ್ಯನನ್ನು ಕಟಕಟೆಗೆ ಹತ್ತಿಸಿ ಬೆವರಿಳಿಸುತ್ತೇನೆ ಎಂದು ಹಾರಾಡಿದರು. ವರದಿಗೆ ಆಕ್ಷೇಪಣೆ ಇದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ವಕೀಲರಿಗಿಂತ ಮೊದಲು ನಾನೇ ಎದ್ದು ನಿಂತೆ.

"ಇಲ್ಲ ಸ್ವಾಮಿ. ನಾನು ಸೋತೆ ಅಂತಲೇ ಬರ್ಕೊಳ್ಳಿ. ಇವತ್ತು ಬೆಳಿಗ್ಗೆ ಅಮ್ಮನ ತಲೆ ಬಾಚಿ ಬಂದಿದ್ದೀನಿ. ಅದು ಈ ಇಂಜಿನಿಯರ ಪುಣ್ಯ."