ಕಾಶಿಯಲ್ಲಿ ಬಿಟ್ಟ ಹಣ್ಣು

ಪ್ರಹ್ಲಾದ್ ಜುಬ್ಬದ ಜೇಬಿಗೆ ಮಾವಿನಹಣ್ಣು ತುರುಕುತ್ತಿದ್ದಾಗಲೇ ಮಗ ಅಮರ್ ಬಂದು ಕಾರಿನ ಬಾಗಿಲು ತೆಗೆದ.

"ಅಪ್ಪ, ಏನದು?"

"ಏನಿಲ್ಲ, ನಡಿ."

ಏನಿಲ್ಲ ಅಂದರೆ ನಂಬುವುದು ಹೇಗೆ? ಜೇಬು ಬುಗುಟೆದ್ದ ಹಾಗೆ ಉಬ್ಬಿತ್ತು, ಕಾರಿನ ತುಂಬ ಘಮ. ಆದರೆ ಹೆಂಡತಿ ಸತ್ತು ಮೂರು ದಿನವಾಗಿರುವ ಎಪ್ಪತ್ತಾರರ ಮುದುಕನನ್ನು ಯಾರು ಜಾಸ್ತಿ ಕೇಳುತ್ತಾರೆ? ಅಮರ್ ಕೈ ಹಿಡಿದು ಇಳಿಸಿ, ಪುರೋಹಿತರ ಹತ್ತಿರ ಓಡಿದ.

ಅಮೆರಿಕದ ಕ್ಲಿಯರ್ ಲೇಕ್ ಊರಿನ ಫ್ಯೂನರಲ್ ಹೋಮಿನ ಒಳಗೆ ಅಲಮೇಲು ಹಸಿರು ರೇಷ್ಮೆಸೀರೆಯಲ್ಲಿ ಮಲಗಿದ್ದಳು. ಎಲ್ಲರೂ ಸಾಲಾಗಿ ಬಂದು ಬಾಯಿಗೆ ಅಕ್ಕಿಕಾಳು ಹಾಕುವಾಗ, ಯಾರೂ ನೋಡದಂತೆ ಹಣ್ಣನ್ನು ಅವಳ ಕೈ ಪಕ್ಕ ಇಟ್ಟುಬಿಡಬೇಕು ಎಂದು ಪ್ರಹ್ಲಾದ್ ಲೆಕ್ಕ ಹಾಕಿದ್ದರು. ಬೆಳಿಗ್ಗೆ ಫೋನಿನಲ್ಲಿ ಪುರೋಹಿತರನ್ನು ಕೇಳಿಯೂ ಇದ್ದರು. ಕಾಶಿಯಲ್ಲಿ ಬಿಟ್ಟದ್ದನ್ನು ಕೊಟ್ಟು ಕಳಿಸುವ ಹಾಗಿಲ್ಲ, ಆದರೆ ಆಸೆ ಉಳಿಸಿಕೊಂಡು ಹೋದ ಜೀವ ಇಲ್ಲೇ ಸುತ್ತುತ್ತದೆ ಅಂತಲೂ ಹೇಳುತ್ತಾರೆ, ನಿಮ್ಮಿಷ್ಟ ಎಂದಿದ್ದರು ಅವರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

*

ಹನ್ನೊಂದು ವರ್ಷದ ಹಿಂದೆ ಗಂಡಹೆಂಡಿರು ಕಾಶಿಗೆ ಹೋಗಿದ್ದರು. ನಿಮಗೆ ಅತ್ಯಂತ ಪ್ರಿಯವಾದ ಒಂದು ಪದಾರ್ಥವನ್ನು ಇಲ್ಲಿ ಬಿಟ್ಟುಹೋಗಿ, ಇನ್ನು ಮುಂದೆ ಅದನ್ನು ತಿನ್ನಬೇಡಿ ಎಂದು ಅಲ್ಲಿಯ ಪುರೋಹಿತ ಗಂಗೆಯ ದೋಣಿಯಲ್ಲಿ ಹೇಳಿದಾಗ ಅಲಮೇಲು ಕಣ್ಣುಮುಚ್ಚಿ ಮಾವಿನಹಣ್ಣು ಬಿಟ್ಟಳು. ಊಟ ಬಿಟ್ಟಾಳು, ಮಾವಿನಹಣ್ಣು ಬಿಡಳು ಎಂದು ತವರಿನವರೆಲ್ಲ ಆಡಿಕೊಳ್ಳುತ್ತಿದ್ದ ಹೆಂಗಸು! ಪ್ರಹ್ಲಾದ್ ಸರದಿ ಬಂತು. ಕಾಫಿ ಬಿಡುವುದಂತೂ ಆಗದ ಮಾತು. ಸ್ವಲ್ಪ ಯೋಚಿಸಿ ಹಾಗಲಕಾಯಿ ಬಿಟ್ಟರು. ಅದರ ವಾಸನೆ ಬಂದರೂ ಅವರಿಗೆ ಆಗುತ್ತಿರಲಿಲ್ಲ.

"ಗಂಗೆಗೇ ಟೋಪಿ ಹಾಕಿದ್ರಲ್ಲ ರೀ," ಎಂದು ಅಲಮೇಲು ದೋಣಿ ಅಲ್ಲಾಡುವಷ್ಟು ನಕ್ಕಿದ್ದಳು.

ಆಮೇಲೆ ಮನೆಗೆ ಮಾವಿನಹಣ್ಣು ಬರಲಿಲ್ಲ. ಆದರೆ ಮೇ ತಿಂಗಳಲ್ಲಿ ಇಂಡಿಯಾದಿಂದ ಹಣ್ಣಿನ ಡಬ್ಬಿ ಬಂತೆಂದು ಅಂಗಡಿಯವನು ಮೆಸೇಜ್ ಹಾಕಿದರೆ ಸಾಕು, ಪ್ರಹ್ಲಾದ್ ಮೊಸರು ತರುವ ನೆಪದಲ್ಲಿ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ಪಾರ್ಕಿಂಗಿನಲ್ಲೇ ಕಾರಿನೊಳಗೆ ಕೂತು ಎರಡು ತಿಂದು, ಬಾಟಲಿ ನೀರಿನಲ್ಲಿ ಕೈ ತೊಳೆದು, ಸಾಧುವಿನ ಮುಖ ಮಾಡಿಕೊಂಡು ಮನೆಗೆ ಬರುತ್ತಿದ್ದರು. ಅಲಮೇಲು ಸೊಪ್ಪು ಬಿಡಿಸುತ್ತ, ತಲೆಯೆತ್ತದೆ ಕೇಳುತ್ತಿದ್ದಳು.

"ಈ ಸಲದ್ದು ಸಿಹಿ ಇತ್ತಾ?"

"ಹುಳಿ ಕಣೆ. ಬಾಯಿಗಿಡೋಕಾಗಲ್ಲ."

ಪ್ರತಿ ವರ್ಷವೂ ಹುಳಿಯೇ. ಅವಳಿಗೆ ಹೊಟ್ಟೆ ಉರಿಯಬಾರದಲ್ಲ.

ಹೋದ ಮಂಗಳವಾರ, ಹಾಸಿಗೆ ಹಿಡಿದಿದ್ದ ಅವಳೇ ಬಾಯಿಬಿಟ್ಟು ಕೇಳಿದಳು. ಇನ್ನು ಏನು ಬೇಕಾದರೂ ತಿನ್ನಲಿ ಎಂದು ನರ್ಸ್ ಹೇಳಿಹೋಗಿದ್ದಳು.

"ರೀ, ಒಂದು ಹೋಳು ಮಾವಿನಹಣ್ಣು ಕೊಡ್ತೀರಾ?"

"ಕಾಶೀಲಿ ಬಿಟ್ಟಿದ್ದೀಯಲ್ಲೇ. ಇಷ್ಟು ವರ್ಷದ ಪುಣ್ಯ ಹಾಳು ಮಾಡ್ಕೋತೀಯಾ?"

"ಹೌದಲ್ವಾ," ಎಂದು ಅಲಮೇಲು ಗೋಡೆಯ ಕಡೆಗೆ ತಿರುಗಿದಳು. ಶುಕ್ರವಾರ ಹೋಗಿಬಿಟ್ಟಳು. ಹಾಗಲಕಾಯಿ ಬಿಟ್ಟು ಬಂದ ನಾನು ಅವಳಿಗೆ ಪುಣ್ಯ ಹೇಳಿಕೊಟ್ಟೆನಲ್ಲ ಎಂದು ಪ್ರಹ್ಲಾದ್ ಅಂದಿನಿಂದ ಕಣ್ಣು ಮುಚ್ಚಿರಲಿಲ್ಲ.

*

ಬಾಗಿಲ ಹತ್ತಿರದ ಬೆಂಚಿನಲ್ಲಿ ವಿಜಯಮ್ಮ ಕೂತಿದ್ದರು. ಧಾರವಾಡದವರು, ಪಕ್ಕದ ಬೀದಿಯ ಮನೆ, ಇಪ್ಪತ್ತು ವರ್ಷ ಸಂಜೆಯ ವಾಕಿಂಗಿಗೆ ಅಲಮೇಲುವಿನ ಜೊತೆ.

"ರಾಯರ, ಕಿಸೇದಾಗ ಮಾವಿನಹಣ್ಣ ಇಟ್ಕೊಂಡೀರೇನ್ರಿ?"

ಇನ್ನು ಬಚ್ಚಿಡುವುದೇನು? ಪ್ರಹ್ಲಾದ್ ಅವರ ಪಕ್ಕ ಕುಸಿದು ಕೂತು ಎಲ್ಲ ಹೇಳಿಬಿಟ್ಟರು. ಆಸೆ ಇಟ್ಟುಕೊಂಡೇ ಹೋದಳು, ನಾನೇ ಕೈಯಾರೆ ಹಾಗೆ ಕಳಿಸಿದೆ ಎಂದರು.

ವಿಜಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಅಕಿ ತಿಂದಾಳ್ರಿ. ಬುಧವಾರ ನೀವು ಔಷಧ ತರಾಕ ಹೋಗಿದ್ರಲ್ಲ, ಆವಾಗ ನಾನೇ ತಿನಿಸೀನಿ. ಪಾಪ ಬಂದ್ರ ನನಗ ಬರಲಿ ಅಂತ. ಹೋಳು ಬಾಯಾಗ ಇಟ್ಟಾಗ ಅಕಿ ಮುಖ ನೋಡಬೇಕಿತ್ತು ನೀವು. ನಾನೂ ಕಾಶಿಗೆ ಹೋಗಿ ಬಂದೀನಿ, ಅಲ್ಲೂ ಅಂಥಾ ಮುಖ ಕಂಡಿಲ್ಲ."

"ನಂಗೆ ಯಾಕೆ ಹೇಳಲಿಲ್ಲ?"

"ಅಕೀನೇ ಬ್ಯಾಡ ಅಂದ್ಲು. ತಾನು ಕೊಡಲಿಲ್ಲಲ್ಲ ಅಂತ ಅವರು ಕೊರಗ್ತಾರ, ಹೇಳಬ್ಯಾಡ ಅಂದ್ಲು."

ಪ್ರಹ್ಲಾದ್ ಬೆಂಚಿಗೆ ಒರಗಿದರು. ಎದೆಯ ಮೇಲಿದ್ದ ಕಲ್ಲು ಇಳಿದಿತ್ತು. ಅವಳು ಹೋದಮೇಲೆ ಮೊದಲ ಸಲ ಉಸಿರು ಸಲೀಸಾಗಿ ಬಂತು. ಆಮೇಲೆ ಕೇಳಿದರು:

"ಸಿಹಿ ಇತ್ತಾ?"

ವಿಜಯಮ್ಮನಿಗೆ ಅಳುವಿನ ನಡುವೆ ನಗು ಬಂತು. "ಒಂದು ವ್ಯಾಳ್ಯಾ ಗೊತ್ತಾಗಿ ಅವರು ಕೇಳಿದ್ರ, ಹುಳಿ ಇತ್ತು ಅಂತ ಹೇಳು ಅಂದಾಳ್ರಿ. ಗೊರಟಾ ಸೈತ ಬಿಡಲಿಲ್ಲ, ಚೀಪಿ ಚೀಪಿ ಬೆಳ್ಳಗ ಮಾಡಿದ್ಲು."

ಪ್ರಹ್ಲಾದ್ ನಕ್ಕರು. ಒಳಗಿದ್ದವರು ತಿರುಗಿ ನೋಡುವಷ್ಟು ಜೋರಾಗಿಯೇ ನಕ್ಕರು. ಹನ್ನೊಂದು ವರ್ಷದ ಹುಳಿಯ ಸುಳ್ಳು ಅವಳಿಗೆ ಗೊತ್ತಿತ್ತು! ಜೇಬಿನಿಂದ ಹಣ್ಣು ತೆಗೆದು, ಹಲ್ಲಿನಿಂದಲೇ ಸಿಪ್ಪೆ ಸುಲಿದು, ಎಲ್ಲರೆದುರು ಅಲ್ಲೇ ಕೂತು ತಿಂದರು. ರಸ ಮೊಣಕೈತನಕ ಇಳಿದು ಬಿಳಿ ಪಂಚೆಯ ಮೇಲೆ ತೊಟ್ಟಿಕ್ಕಿತು.

ಅಮರ್ ನೀರಿನ ಬಾಟಲಿ ಹಿಡಿದು ಬಂದ. "ಅಪ್ಪ, ಏನಿದು? ಪುರೋಹಿತರು ಕರೀತಿದ್ದಾರೆ. ಮೊದ್ಲು ಕೈ ತೊಳ್ಕೊ."

"ಬೇಡ ಬಿಡು," ಎಂದು ಪ್ರಹ್ಲಾದ್ ಬಾಟಲಿ ಸರಿಸಿ ಎದ್ದರು.

ಒಳಗೆ ತಟ್ಟೆಯಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಅಲಮೇಲುವಿನ ಬಾಯಿಯ ಮೇಲೆ ಬೆರಳು ಬಿಡಿಸಿದರು. ಅಕ್ಕಿ ಬೀಳಲಿಲ್ಲ. ಬೆರಳಿಗೆಲ್ಲ ಅಂಟಿ, ಹಳದಿಯಾಗಿ ಹಾಗೇ ಕೂತಿತ್ತು. ಹಿಂದೆ ಸಾಲು ಕಾಯುತ್ತಿತ್ತು. ಪ್ರಹ್ಲಾದ್ ಹೆಬ್ಬೆರಳಿನಿಂದ ಒಂದೊಂದೇ ಕಾಳು ಬಿಡಿಸಿ ಅವಳ ತುಟಿಗಳ ನಡುವೆ ಇಡತೊಡಗಿದರು.