ಐದು ನಿಮಿಷ ಬಿಟ್ಟು ಬಿಡಿ

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿದ್ದವರು. ಡಬ್ಬಗಳ ಧೂಳು ಒರೆಸುತ್ತಿದ್ದರು. ಆ ಧೂಳಿನ ಜೊತೆಗೇ ವೈದ್ಯವೂ ತಲೆಗೇರಿತೆಂದು ಕಾಣುತ್ತದೆ. ಮನೆಯವರೆಲ್ಲ ಅವರನ್ನು ‘ಅರೆಡಾಕ್ಟರು’ ಅನ್ನುತ್ತೇವೆ. ಅದು ಹೊಗಳಿಕೆಯೆಂದೇ ಅವರ ನಂಬಿಕೆ.

ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು. ಅವರ ಕಣ್ಣೇ ನಮ್ಮ ಅನ್ನ. ಎಡಗಣ್ಣಿನ ಒತ್ತಡ ಹೆಚ್ಚಿದೆ, ಹೀಗೇ ಬಿಟ್ಟರೆ ನೋಟ ಅಂಚಿನಿಂದ ಸವೆಯುತ್ತದೆ, ಸವೆದದ್ದು ವಾಪಸ್ ಬರುವುದಿಲ್ಲ ಎಂದು ಡಾಕ್ಟರಮ್ಮ ಎರಡು ಬಾಟಲಿ ಹನಿ ಕೊಟ್ಟರು. ಚೀಟಿಯಲ್ಲಿ ದುಂಡಗೆ ಬರೆದಿದ್ದರು: ‘ಮೊದಲನೆಯದು ಒಂದು ಹನಿ. ಎರಡನೆಯದು ಐದು ನಿಮಿಷ ಬಿಟ್ಟು ಬಿಡಿ.’

ಗಂಡನೇನು ಕಡಿಮೆಯೇ? ಗಡಿಯಾರ ದಿನಕ್ಕೆ ಅರ್ಧ ನಿಮಿಷ ಹಿಂದೆ ಬಿದ್ದರೆ ಊಟ ಸೇರದ ಮನುಷ್ಯ, ಕಣ್ಣು ಮುಚ್ಚಿ ಐದು ನಿಮಿಷ ಕೂರಲಾರರು. ಗೊಣಗುತ್ತಿರುವಾಗಲೇ ಭಾವ ಬಂದು ಚೀಟಿ ಎತ್ತಿಕೊಂಡರು.

“ಓದೋಕೆ ಬರಲ್ವೇನೋ? ಐದು ನಿಮಿಷ ಬಿಟ್ಟುಬಿಡಿ ಅಂತ ಅವರೇ ಬರೆದಿದ್ದಾರೆ. ಅಂದ್ರೆ ಆ ಐದು ನಿಮಿಷದ ರಗಳೆ ಬೇಡ ಅಂತ. ಒಂದರ ಹಿಂದೆ ಒಂದು ಹಾಕ್ಕೋ.”

“ಭಾವ, ಅದು ಐದು ನಿಮಿಷ ಬಿಟ್ಟು, ಆಮೇಲೆ ಹನಿ ಬಿಡಿ ಅಂತ,” ಎಂದೆ.

“ನೀನು ಸುಮ್ನಿರಮ್ಮ. ಇಂಥ ಚೀಟಿ ಸಾವಿರ ನೋಡಿದೀನಿ.”

ನೋಡಿದ್ದರು, ನಿಜ. ಓದುತ್ತಿದ್ದವರು ಬೇರೆ. ಆದರೆ ಗಂಡನಿಗೆ ಅಣ್ಣನ ವ್ಯಾಕರಣವೇ ರುಚಿಸಿತು.

ವಾರದಲ್ಲಿ ಕಣ್ಣು ಕೆಂಪಾಯಿತು. ಭಾವ ಜೇಬಿನಿಂದ ಮೂರನೆಯ ಬಾಟಲಿ ತೆಗೆದರು. “ನನ್ನ ಪೊರೆ ಆಪರೇಷನ್‌ಗೆ ಕೊಟ್ಟಿದ್ದು, ಅರ್ಧ ಉಳಿದಿದೆ. ಇದನ್ನೂ ಜೊತೆಗೇ ಹಾಕು.” ತಮ್ಮನಿಗೆ ಎಂಜಲು ಔಷಧಿ ತಂದ ಮಹಾದಾನಿ! ಎರಡೇ ದಿನದಲ್ಲಿ ಕೆಂಪು ಇಳಿಯಿತು. ಭಾವ ಕಂಡಕಂಡಲ್ಲಿ ಬೊಗಳೆ ಬಿಟ್ಟುಕೊಂಡು ತಿರುಗಿದರು. ಮೂರನೆಯ ಹನಿಯೂ ನಿಲ್ಲದೆ ನಡೆಯಿತು. ನಾನೂ ಬಾಯಿ ಮುಚ್ಚಿಕೊಂಡೆ. ಅದಕ್ಕೆ ನನ್ನ ಮೇಲೆ ನನಗೇ ಹೇಸಿಗೆ.

ಎರಡು ತಿಂಗಳಿಗೆ ಗಂಡ ಎಡಗಡೆಯ ಚಹಾ ಲೋಟ ಬೀಳಿಸತೊಡಗಿದರು. ಒಂದು ದಿನ ಸ್ಕ್ರೂ ಬಟ್ಟಲೇ ಮೊಣಕೈಗೆ ತಾಗಿ ಉರುಳಿತು. ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕಣ್ಣು ಪರೀಕ್ಷಿಸಿ, ಮೂರೂ ಬಾಟಲಿ ಮೇಜಿನ ಮೇಲಿಟ್ಟುಕೊಂಡರು.

“ಮೊದಲನೇ ಹನಿ ಒಳಗೆ ಇಳಿಯೋ ಮೊದಲೇ ಎರಡನೇದು ಅದನ್ನ ತೊಳೆದುಹಾಕಿದೆ. ಈ ಮೂರನೇದರಲ್ಲಿ ಸ್ಟೀರಾಯ್ಡ್ ಇದೆ. ನಾವು ಒತ್ತಡ ಇಳಿಸ್ತಾ ಇದ್ರೆ ಇದು ಏರಿಸ್ತಾ ಕೂತಿದೆ. ಯಾರು ಕೊಟ್ಟಿದ್ದು?”

“ಅಣ್ಣ,” ಎಂದರು ಗಂಡ.

“ಇನ್ನು ಉಳಿದಿರೋದನ್ನ ಕಾಪಾಡಬಹುದು. ಹೋದದ್ದು ಹೋಯ್ತು.”

ಈಗ ಗಂಡನ ರಿಪೇರಿ ಅಂಗಡಿಯ ಅಲಾರಂ ಗಡಿಯಾರವೊಂದನ್ನು ಅವರೆದುರು ಇಟ್ಟಿದ್ದೇನೆ. ಮೊದಲ ಹನಿ ಹಾಕಿ, ಅದು ಬಡಿಯುವವರೆಗೆ ಕಣ್ಣು ಮುಚ್ಚಿ ಐದು ನಿಮಿಷ ಕೂರುತ್ತಾರೆ.

ಮೊನ್ನೆ ಭಾವ ಬಂದು ಗಂಡನ ಕೆಲಸದ ಬೆಂಚಿನ ಪಕ್ಕ ಕೂತರು, ಜೇಬಿನಲ್ಲಿ ಇನ್ನಾವುದೋ ಬಾಟಲಿ. ಗಂಡ ಬಲಗಡೆಯಿದ್ದ ಗಡಿಯಾರದ ಚಕ್ರವನ್ನು ಒರೆಸುತ್ತಲೇ ಇದ್ದರು. ಭಾವ ನಕ್ಕರು, ಕೈ ಬೀಸಿದರು, ಆಮೇಲೆ ನನ್ನತ್ತ ತಿರುಗಿ ಪಿಸುಗುಟ್ಟಿದರು:

“ನಾನು ಬಂದ್ರೂ ತಿರುಗಿ ನೋಡಲ್ವಲ್ಲ. ಕೋಪಾನಾ ಇವನಿಗೆ?”

“ಕೋಪ ಇಲ್ಲ ಭಾವ,” ಎಂದೆ. “ನೀವು ಎಡಗಡೆ ಕೂತಿದ್ದೀರಿ.”